ಹನ್ನೆರಡು ಗಜ ದೂರದ ಭಯ

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಒಂದು ತಾಲ್ಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದೊಂದು ಜಿಲ್ಲೆ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಶಾಲಾ ಕ್ರೀಡಾಕೂಟಗಳಲ್ಲೂ ಇದೇ ಲೆಕ್ಕ. ತಾಲ್ಲೂಕಿನಲ್ಲಿ ಗೆದ್ದ ತಂಡ ಜಿಲ್ಲಾ ಮಟ್ಟಕ್ಕೆ, ಅಲ್ಲಿ ಗೆದ್ದದ್ದು ವಿಭಾಗ ಮಟ್ಟಕ್ಕೆ ಹೋಗುತ್ತದೆ. ವಿಭಾಗ ಮಟ್ಟದಲ್ಲಿ ಈ ನಾಲ್ಕು ತಾಲ್ಲೂಕುಗಳ ಮಕ್ಕಳ ಎದುರಿಗೆ ನಿಲ್ಲುವವರಲ್ಲಿ ಬೆಂಗಳೂರಿನ ಮಕ್ಕಳೂ ಇರುತ್ತಾರೆ.

ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆದರೆ ಈ ಭಾಗದ ಮಕ್ಕಳಿಗೆ ಅಷ್ಟೇನೂ ಅಳುಕಿಲ್ಲ. ಅವು ಊರಿನ ಆಟಗಳು; ಅಣ್ಣಂದಿರು ಆಡಿದ್ದನ್ನು ನೋಡುತ್ತಲೇ ಬೆಳೆದಿರುತ್ತಾರೆ. ಫುಟ್‌ಬಾಲ್ ಹಾಗಲ್ಲ. ಗರಸು ನೆಲದ ಮೈದಾನದಲ್ಲಿ ಬರಿಗಾಲಲ್ಲಿ ಆಡಿದ ಹುಡುಗನಿಗೆ ಹುಲ್ಲಿನ ಅಂಕಣ, ಬಲೆ ಕಟ್ಟಿದ ಗೋಲು, ಬೂಟು ತೊಟ್ಟ ಎದುರಾಳಿ ಎಲ್ಲವೂ ಒಂದೇ ದಿನ ಎದುರಾದರೆ ಆಟ ಶುರುವಾಗುವ ಮೊದಲೇ ಅರ್ಧ ಸೋಲು ಆಗಿಬಿಟ್ಟಿರುತ್ತದೆ. ಸೋತು ಬಂದ ಮೇಲೆ ಹಿರಿಯರು ಹೇಳುವುದು ಒಂದೇ ಮಾತು: ‘ಹುಡುಗ್ರು ಹೆದರ್ಕೊಂಡ್ಬಿಟ್ರು.’ ಮಾತು ಅಲ್ಲಿಗೇ ಮುಗಿಯುತ್ತದೆ. ಕೆಲವರ ಹೆಸರಿನ ಹಿಂದೆ ‘ಪುಕ್ಕಲು’ ಎಂಬ ಪದ ಸೇರಿಕೊಳ್ಳುತ್ತದೆ.

ಹೆದರಿಕೆ ಹುಟ್ಟಿನಿಂದ ಬಂದ ಗುಣವೇ? ಧೈರ್ಯ ಕೆಲವರಿಗೆ ಮಾತ್ರ ದಕ್ಕುವ ವರವೇ? ಕರ್ನಾಟಕದ ಫುಟ್‌ಬಾಲ್ ಇತಿಹಾಸ ಮತ್ತು ಕಳೆದ ನೂರು ವರ್ಷಗಳಲ್ಲಿ ಬೆಳೆದ ಕ್ರೀಡಾ ಮನೋವಿಜ್ಞಾನ ಎರಡೂ ಈ ಪ್ರಶ್ನೆಗೆ ಒಂದೇ ಉತ್ತರ ಕೊಡುತ್ತವೆ: ಅಲ್ಲ. ಆಟಗಾರನ ಆತ್ಮವಿಶ್ವಾಸ ಬಹುಮಟ್ಟಿಗೆ ರೂಢಿಯಿಂದ ಬರುವಂಥದ್ದು. ರೂಢಿಗೆ ಅವಕಾಶವೇ ಸಿಗದಿದ್ದಲ್ಲಿ ಆತಂಕ ಬಂದು ಕೂರುತ್ತದೆ.

ದಂಡಿನ ನೆರೆಯಲ್ಲಿ

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ಬ್ರಿಟಿಷ್ ಸಿಪಾಯಿಗಳ ಜೊತೆಗೆ. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದಲ್ಲಿ ರೆಜಿಮೆಂಟುಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು. ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಕಡೆ ಇಂದಿಗೂ ಫುಟ್‌ಬಾಲ್ ಹುಚ್ಚು ಹೆಚ್ಚಾಗಿರುವುದಕ್ಕೆ ಈ ನೆರೆಹೊರೆಯೇ ಮೂಲ.

ಆ ಕಾಲದಲ್ಲಿ ಬಿಳಿಯ ಸಿಪಾಯಿಗಳ ತಂಡವನ್ನು ಭಾರತೀಯರು ಸೋಲಿಸುವುದು ಸುಲಭದ ಮಾತಾಗಿರಲಿಲ್ಲ. ಅವರಿಗೆ ಬೂಟು, ಮೈಕಟ್ಟು, ನಿತ್ಯದ ಕವಾಯತು ಇತ್ತು. ಎಲ್ಲಕ್ಕಿಂತ ಮಿಗಿಲಾಗಿ ತಾವು ಆಳುವವರು ಎಂಬ ಹಮ್ಮಿತ್ತು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದಾಗ ದೇಶವೇ ಎದ್ದು ಕುಳಿತದ್ದು ಈ ಕಾರಣಕ್ಕೇ.

ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾಯಿತು. ಅದನ್ನು ಭಾರತೀಯ ಕ್ಲಬ್ ಒಂದು ಗೆಲ್ಲಲು 46 ವರ್ಷ ಬೇಕಾಯಿತು. ಆ ಕ್ಲಬ್ ಬೆಂಗಳೂರಿನದು. 1937ರ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1–0ಯಿಂದ ಸೋಲಿಸಿತು. ಮರುವರ್ಷ ಅದೇ ತಂಡ ಫೈನಲ್‌ನಲ್ಲಿ ಆರ್ಗೈಲ್ ಅಂಡ್ ಸದರ್‌ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ರೆಜಿಮೆಂಟನ್ನು 3–2ರಿಂದ ಮಣಿಸಿತು.

ಇವರಿಗೆ ಆ ಎದೆಗಾರಿಕೆ ಎಲ್ಲಿಂದ ಬಂತು? ದಂಡು ಪ್ರದೇಶದ ಹುಡುಗನಿಗೆ ಬೂಟು ತೊಟ್ಟ ಸಿಪಾಯಿ ಹೊಸಬನಲ್ಲ. ಅವನ ಆಟ, ಅವನ ಸಿಟ್ಟು, ಅವನು ದಣಿಯುವ ಹೊತ್ತು ಎಲ್ಲವನ್ನೂ ಕಂಡವನು. ದಿನವೂ ನೋಡುವ ಎದುರಾಳಿ ದೊಡ್ಡವನಾಗಿರಬಹುದು, ಭೂತವಾಗಿ ಉಳಿಯುವುದಿಲ್ಲ. ಬೆಂಗಳೂರಿನ ತಂಡಗಳ ಧೈರ್ಯಕ್ಕೆ ಈ ಒಡನಾಟವೂ ಒಂದು ಕಾರಣ ಎನ್ನಲು ಅಡ್ಡಿಯಿಲ್ಲ.

ಇಲ್‌ಫೋರ್ಡ್‌ನ ಎರಡು ಪೆನಾಲ್ಟಿ

ಪರಿಚಯವಿಲ್ಲದ ನೆಲದಲ್ಲಿ ಏನಾಗುತ್ತದೆ ಎಂಬುದನ್ನು ನೋಡಲು ಹತ್ತು ವರ್ಷ ಮುಂದೆ ಬರಬೇಕು. 1948ರ ಜುಲೈ 31. ಸ್ವತಂತ್ರ ಭಾರತಕ್ಕೆ ಒಂದು ವರ್ಷ ತುಂಬಲು ಇನ್ನೂ ಹದಿನೈದು ದಿನ ಬಾಕಿ. ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯದಲ್ಲಿ ಭಾರತ ಮತ್ತು ಫ್ರಾನ್ಸ್ ಇಲ್‌ಫೋರ್ಡ್‌ನಲ್ಲಿ ಎದುರುಬದುರಾದವು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಅದು ಮೊದಲ ಪಂದ್ಯ. ನಾಯಕ ನಾಗಾಲ್ಯಾಂಡ್ ಮೂಲದ ತಾಲಿಮೆರೆನ್ ಆವ್. ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು.

ಫ್ರಾನ್ಸ್ ಮೊದಲ ಗೋಲು ಹೊಡೆಯಿತು. ಮೈಸೂರು ತಂಡದ ಸಾರಂಗಪಾಣಿ ರಾಮನ್ ದ್ವಿತೀಯಾರ್ಧದಲ್ಲಿ ಗೋಲು ಹೊಡೆದು ಸಮ ಮಾಡಿದರು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಗಳಿಸಿ 2–1ರಿಂದ ಗೆದ್ದಿತು. ಆದರೆ ಆ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಒಂದನ್ನು ಸೈಲೆನ್ ಮನ್ನಾ, ಇನ್ನೊಂದನ್ನು ಮಹಾವೀರ್ ಪ್ರಸಾದ್ ಒದ್ದರು. ಎರಡೂ ಗೋಲಾಗಲಿಲ್ಲ.

ಆ ಪಂದ್ಯವನ್ನು ನೆನೆಯುವವರು ಬರಿಗಾಲಿನ ಮಾತನ್ನೇ ಹೆಚ್ಚು ಆಡುತ್ತಾರೆ. ಆದರೆ ಯೋಚಿಸಬೇಕಾದದ್ದು ಪೆನಾಲ್ಟಿಯ ಬಗ್ಗೆ. ಹನ್ನೆರಡು ಗಜ, ಅಂದರೆ ಸುಮಾರು 11 ಮೀಟರ್ ದೂರ. ಎದುರಿಗೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲು. ಚೆಂಡು ನಿಂತಿರುತ್ತದೆ, ಯಾರೂ ಅಡ್ಡ ಬರುವಂತಿಲ್ಲ, ಗೋಲ್‌ಕೀಪರ್ ಒಬ್ಬನೇ. ಕಾಲಿನ ಕೆಲಸ ಇಷ್ಟು ಸುಲಭವಾದಾಗ ಇಡೀ ಭಾರ ಮನಸ್ಸಿನ ಮೇಲೆ ಬೀಳುತ್ತದೆ. ಆ ಎರಡು ಕಿಕ್‌ಗಳು ಭಯದಿಂದಲೇ ತಪ್ಪಿದವು ಎಂದು ಪ್ರಮಾಣ ಮಾಡಲಾಗದು. ಆದರೆ ಹೊಸ ದೇಶದ ಹೆಸರು ಬೆನ್ನ ಮೇಲಿದ್ದಾಗ, ಕಂಡರಿಯದ ನೆಲದಲ್ಲಿ, ಸಾವಿರಾರು ಅಪರಿಚಿತರ ನಡುವೆ ಆ ಹನ್ನೆರಡು ಗಜ ಎಷ್ಟು ದೂರ ಕಂಡಿರಬಹುದು ಎಂಬುದನ್ನು ಯಾರೂ ಊಹಿಸಬಹುದು.

ಮನ್ನಾ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರೇ ವರ್ಷದಲ್ಲಿ, 1951ರ ಮಾರ್ಚ್‌ನಲ್ಲಿ, ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಸಾಹು ಮೇವಾಲಾಲ್ ಅವರದು, ನಾಯಕತ್ವ ಸೈಲೆನ್ ಮನ್ನಾ ಅವರದು. ಪೆನಾಲ್ಟಿ ತಪ್ಪಿಸಿದವನು ಎಂಬ ಒಂದೇ ಕಾರಣಕ್ಕೆ ಅವರನ್ನು ಪುಕ್ಕಲು ಎಂದು ಬದಿಗೆ ಸರಿಸಿದ್ದರೆ ಭಾರತ ಒಬ್ಬ ಒಳ್ಳೆಯ ನಾಯಕನನ್ನು ಕಳೆದುಕೊಳ್ಳುತ್ತಿತ್ತು.

ಧೈರ್ಯವೊಂದೇ ಸಾಲದು ಎಂಬುದಕ್ಕೂ ಅದೇ ತಂಡ ಸಾಕ್ಷಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಏಷ್ಯಾದ ಚಾಂಪಿಯನ್ ಎಂಬ ಹೆಮ್ಮೆಯಿಂದ ಹೋದ ಭಾರತ ಯುಗೊಸ್ಲಾವಿಯದ ಎದುರು 10–1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಆ ಸೋಲಿನ ನಂತರವೇ ಭಾರತದಲ್ಲಿ ಬೂಟು ತೊಟ್ಟು ಆಡುವುದು ಕಡ್ಡಾಯವಾಯಿತು. ತಯಾರಿಯಿಲ್ಲದ ಆತ್ಮವಿಶ್ವಾಸ ಚಳಿಯಲ್ಲಿ ಬರಿಗಾಲಲ್ಲಿ ನಿಂತಂತೆಯೇ ಸರಿ.

ಭಯಕ್ಕೂ ಒಂದು ಅಳತೆ

ಆಟಗಾರರ ಭಯವನ್ನು ಹೇಡಿತನ ಎನ್ನದೆ ದೇಹ ಮತ್ತು ಮನಸ್ಸಿನ ಸಹಜ ಕ್ರಿಯೆಯಾಗಿ ನೋಡುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶುರುವಾಯಿತು. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಪಾಯದ ಎದುರು ದೇಹ ಹೋರಾಟಕ್ಕೆ ಇಲ್ಲವೇ ಓಟಕ್ಕೆ ಸಜ್ಜಾಗುವ ಬಗೆಯನ್ನು ವಿವರಿಸಿದ. ಎದೆಬಡಿತ ಏರುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ತೊಳಸಿದಂತಾಗುತ್ತದೆ. ಇವು ದೌರ್ಬಲ್ಯದ ಗುರುತಲ್ಲ, ದೇಹ ಕೆಲಸಕ್ಕೆ ಸಿದ್ಧವಾಗುತ್ತಿರುವ ಗುರುತು.

ಇದಕ್ಕೂ ಮೊದಲು, 1908ರಲ್ಲಿ, ಯರ್ಕಿಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳ ಮೇಲೆ ಪ್ರಯೋಗ ನಡೆಸಿದ್ದರು. ಕಠಿಣ ಕೆಲಸ ಕಲಿಯುವಾಗ ಪ್ರಚೋದನೆ ತೀರಾ ಕಡಿಮೆಯಾದರೂ ಕೆಲಸ ಕೆಡುತ್ತದೆ, ತೀರಾ ಹೆಚ್ಚಾದರೂ ಕೆಡುತ್ತದೆ ಎಂಬುದು ಅವರು ಕಂಡದ್ದು. ಮುಂದೆ ಕ್ರೀಡಾ ತರಬೇತುದಾರರು ಇದನ್ನು ತಮ್ಮ ಆಟಗಾರರಿಗೂ ಅನ್ವಯಿಸಿಕೊಂಡರು. ವೀಣೆಯ ತಂತಿಯನ್ನು ಸಡಿಲ ಬಿಟ್ಟರೆ ನಾದವಿಲ್ಲ, ಅತಿಯಾಗಿ ಬಿಗಿದರೆ ತಂತಿಯೇ ಉಳಿಯುವುದಿಲ್ಲ, ಇದೂ ಹಾಗೆಯೇ.

ಕ್ರೀಡಾ ಆತಂಕವನ್ನು ಅಳೆಯುವ ಕೆಲಸದಲ್ಲಿ ಮುಖ್ಯ ಹೆಸರು ಅಮೆರಿಕದ ರೇನರ್ ಮಾರ್ಟೆನ್ಸ್ ಅವರದು. ಅವರು 1977ರಲ್ಲಿ ಒಂದು ಪರೀಕ್ಷೆಯನ್ನೂ, 1990ರಲ್ಲಿ ಸಂಗಡಿಗರೊಂದಿಗೆ ಇನ್ನೂ ವಿವರವಾದ ಪ್ರಶ್ನಾವಳಿಯನ್ನೂ ಪುಸ್ತಕಗಳಲ್ಲಿ ಪ್ರಕಟಿಸಿದರು. ಎರಡನೆಯದರಲ್ಲಿ 27 ವಾಕ್ಯಗಳಿವೆ. ಪಂದ್ಯಕ್ಕೆ ಮೊದಲು ಆಟಗಾರ ಒಂದೊಂದು ವಾಕ್ಯಕ್ಕೂ ತನಗೆ ಹೇಗನ್ನಿಸುತ್ತಿದೆ ಎಂದು 1ರಿಂದ 4ರವರೆಗೆ ಅಂಕ ಹಾಕಬೇಕು. ಒಂಬತ್ತು ವಾಕ್ಯ ಮನಸ್ಸಿನ ಚಿಂತೆಯನ್ನು, ಒಂಬತ್ತು ದೇಹದ ಉದ್ವೇಗವನ್ನು, ಉಳಿದ ಒಂಬತ್ತು ಆತ್ಮವಿಶ್ವಾಸವನ್ನು ಅಳೆಯುತ್ತವೆ.

ಈ ಮೂರು ಭಾಗಗಳೇ ಮುಖ್ಯ ಸಂಗತಿ. ದೇಹದ ಉದ್ವೇಗ ಪಂದ್ಯ ಹತ್ತಿರವಾದಂತೆ ಥಟ್ಟನೆ ಏರುತ್ತದೆ, ಆಟ ಶುರುವಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಮನಸ್ಸಿನ ಚಿಂತೆ ಹಾಗಲ್ಲ. ಅದು ದಿನಗಟ್ಟಲೆ ಮೊದಲೇ ಬಂದು ಕೂರುತ್ತದೆ. ‘ಸೋತರೆ ಊರಿನವರು ಏನಂತಾರೆ’ ಎಂಬುದು ಅದರ ಭಾಷೆ. ಇನ್ನು ಆತ್ಮವಿಶ್ವಾಸ ಎಂದರೆ ಭಯ ಇಲ್ಲದಿರುವುದು ಎಂದಷ್ಟೇ ಅಲ್ಲ. ಎದೆ ಢವಢವ ಎನ್ನುತ್ತಿರುವಾಗಲೂ ‘ಇದು ನನ್ನ ಕೈಲಾಗುವ ಕೆಲಸ’ ಎಂಬ ನಂಬಿಕೆ ಇರಬಹುದು. ಇಬ್ಬರು ಆಟಗಾರರ ಎದೆಬಡಿತ ಒಂದೇ ಆಗಿದ್ದರೂ ಒಬ್ಬ ಅದನ್ನು ಹುರುಪು ಎಂದುಕೊಳ್ಳುತ್ತಾನೆ, ಇನ್ನೊಬ್ಬ ಕೈಕಾಲು ಬಿತ್ತು ಎಂದುಕೊಳ್ಳುತ್ತಾನೆ.

ಆ ನಂಬಿಕೆ ಬರುವುದೆಲ್ಲಿಂದ ಎಂಬುದಕ್ಕೆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದರು. ಮೊದಲನೆಯದು, ತಾನೇ ಮಾಡಿ ಗೆದ್ದ ಅನುಭವ. ಎರಡನೆಯದು, ತನ್ನಂಥವನೇ ಒಬ್ಬ ಮಾಡಿದ್ದನ್ನು ಕಣ್ಣಾರೆ ಕಾಣುವುದು. ಮೂರನೆಯದು, ತಾನು ನಂಬುವವರು ಆಡುವ ಮಾತು. ನಾಲ್ಕನೆಯದು, ತನ್ನ ದೇಹದ ಸೂಚನೆಗಳನ್ನು ತಾನು ಅರ್ಥ ಮಾಡಿಕೊಳ್ಳುವ ರೀತಿ. ಇವುಗಳಲ್ಲಿ ಹೆಚ್ಚು ಬಲವಾದದ್ದು ಮೊದಲನೆಯದು. 1937ರ ಬೆಂಗಳೂರಿನ ಹುಡುಗರಿಗೆ ಮೊದಲ ಎರಡೂ ಮನೆಬಾಗಿಲಲ್ಲೇ ಸಿಕ್ಕಿದ್ದವು. ಶಾಲಾ ತಂಡಗಳಿಗೆ ಹೆಚ್ಚಾಗಿ ಸಿಗುವುದು ಮೂರನೆಯದು ಮಾತ್ರ: ಪಂದ್ಯದ ಬೆಳಗ್ಗೆ ‘ಧೈರ್ಯವಾಗಿ ಆಡ್ರೋ’ ಎಂಬ ಒಂದು ಮಾತು.

ತಪ್ಪಿದವನೇ ಗುರುವಾದಾಗ

ಸಮಬಲದ ಪಂದ್ಯವನ್ನು ಪೆನಾಲ್ಟಿ ಷೂಟೌಟ್ ಮೂಲಕ ತೀರ್ಮಾನಿಸುವ ನಿಯಮಕ್ಕೆ 1970ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿತು. ವಿಶ್ವಕಪ್‌ನಲ್ಲಿ ಮೊದಲ ಷೂಟೌಟ್ ನಡೆದದ್ದು 1982ರಲ್ಲಿ, ಪಶ್ಚಿಮ ಜರ್ಮನಿ ಮತ್ತು ಫ್ರಾನ್ಸ್ ನಡುವೆ. 1994ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ರಾಬರ್ಟೊ ಬಾಜಿಯೊ ಒದ್ದ ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿ ಹೋಯಿತು, ಕಪ್ ಬ್ರೆಜಿಲ್ ಪಾಲಾಯಿತು. ಆ ಕಾಲದ ಅತಿ ಶ್ರೇಷ್ಠ ಆಟಗಾರರಲ್ಲಿ ಒಬ್ಬನಿಗೇ ಹೀಗಾಯಿತು.

ನಾರ್ವೆಯ ಗೈರ್ ಯೊರ್ಡೆಟ್ ಎಂಬ ಸಂಶೋಧಕ ದೊಡ್ಡ ಪಂದ್ಯಾವಳಿಗಳ ಷೂಟೌಟ್‌ಗಳನ್ನು ಲೆಕ್ಕ ಹಾಕಿ 2008ರಲ್ಲಿ ಸಹಲೇಖಕಿಯೊಂದಿಗೆ ಫಲಿತಾಂಶ ಪ್ರಕಟಿಸಿದರು. ಈ ಕಿಕ್ ಗೋಲಾದರೆ ತಂಡ ಗೆದ್ದಂತೆ ಎಂಬ ಸ್ಥಿತಿಯಲ್ಲಿ ನೂರಕ್ಕೆ 92 ಕಿಕ್‌ಗಳು ಗೋಲಾಗಿದ್ದವು. ಇದು ತಪ್ಪಿದರೆ ತಂಡ ಸೋತಂತೆ ಎಂಬ ಸ್ಥಿತಿಯಲ್ಲಿ ಗೋಲಾದದ್ದು ನೂರಕ್ಕೆ ಸುಮಾರು 62. ಅದೇ ಹನ್ನೆರಡು ಗಜ, ಅದೇ ಚೆಂಡು, ಅದೇ ದರ್ಜೆಯ ಆಟಗಾರರು. ಬದಲಾದದ್ದು ಮುಂದಿನ ಕ್ಷಣದ ಕಲ್ಪನೆ ಮಾತ್ರ. ಸೀಟಿ ಊದಿದ ಕೂಡಲೇ ಧಾವಂತದಿಂದ ಒದ್ದು ‘ಮುಗಿದರೆ ಸಾಕು’ ಎನ್ನುವವರು ಹೆಚ್ಚು ತಪ್ಪುತ್ತಾರೆ ಎಂಬುದನ್ನೂ ಇಂಥ ಅಧ್ಯಯನಗಳು ತೋರಿಸಿವೆ.

ಭಯವನ್ನು ಪಳಗಿಸಬಹುದೇ? ಇಂಗ್ಲೆಂಡ್ ಇದಕ್ಕೊಂದು ನಿದರ್ಶನ. 1996ರ ಯುರೋಪಿಯನ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿಸಿ ಜರ್ಮನಿಗೆ ಸೋಲಲು ಕಾರಣನೆನಿಸಿಕೊಂಡವರು ಗ್ಯಾರೆತ್ ಸೌತ್‌ಗೇಟ್. ಮುಂದೆ ಅವರೇ ಇಂಗ್ಲೆಂಡಿನ ವ್ಯವಸ್ಥಾಪಕರಾದರು. ಅಲ್ಲಿಯವರೆಗೆ ವಿಶ್ವಕಪ್‌ನ ಮೂರೂ ಷೂಟೌಟ್‌ಗಳಲ್ಲಿ ಇಂಗ್ಲೆಂಡ್ ಸೋತಿತ್ತು. ‘ಪೆನಾಲ್ಟಿ ಎಂದರೆ ಅದೃಷ್ಟದ ಆಟ’ ಎಂಬ ಹಳೆಯ ಮಾತನ್ನು ಬಿಟ್ಟು ಸೌತ್‌ಗೇಟ್ ಅದನ್ನು ಅಭ್ಯಾಸದ ವಿಷಯವಾಗಿ ಮಾಡಿದರು. ಮನೋವಿಜ್ಞಾನಿಯ ನೆರವನ್ನೂ ಪಡೆದರು. 2018ರ ಜುಲೈ 3ರಂದು ಮಾಸ್ಕೊದಲ್ಲಿ ಇಂಗ್ಲೆಂಡ್ ಕೊಲಂಬಿಯವನ್ನು ಷೂಟೌಟ್‌ನಲ್ಲಿ 4–3ರಿಂದ ಸೋಲಿಸಿತು. ಸೈಲೆನ್ ಮನ್ನಾ ಅವರಂತೆ ಸೌತ್‌ಗೇಟ್ ಕೂಡ ತಪ್ಪಿದ ಒಂದು ಕಿಕ್ಕಿಗಿಂತ ದೊಡ್ಡವರು.

ಕಂಠೀರವದ ರಾತ್ರಿಗಳು

ಕರ್ನಾಟಕದ ಮಟ್ಟಿಗೆ 2023 ಮರೆಯಲಾಗದ ವರ್ಷ. ಮೈಸೂರು ಹೆಸರಿನಲ್ಲಿ 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿದ್ದ ರಾಜ್ಯ, ಆ ಬಳಿಕ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಆ ಬರವನ್ನು ನೀಗಿತು.

ಅದೇ ತಿಂಗಳ 12ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡ ಮುಂಬೈ ಸಿಟಿಯನ್ನು ಷೂಟೌಟ್‌ನಲ್ಲಿ 9–8ರಿಂದ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಫೈನಲ್ ತಲುಪಿತು. ಆರೇ ದಿನಗಳ ನಂತರ ಗೋವಾದಲ್ಲಿ ನಡೆದ ಫೈನಲ್‌ನಲ್ಲಿ ಅದೇ ತಂಡ ಎಟಿಕೆ ಮೋಹನ್ ಬಾಗಾನ್ ಎದುರು ಷೂಟೌಟ್‌ನಲ್ಲೇ 4–3ರಿಂದ ಸೋತಿತು. ಒಂದು ವಾರದೊಳಗೆ ಧೈರ್ಯಶಾಲಿಗಳು ಹೇಡಿಗಳಾಗುವುದಿಲ್ಲ. ಆತ್ಮವಿಶ್ವಾಸ ಗೆಲುವಿನ ಸಾಧ್ಯತೆಯನ್ನು ಹೆಚ್ಚಿಸೀತು, ಗೆಲುವನ್ನೇ ಬರೆದುಕೊಡಲಾರದು.

ಜುಲೈನಲ್ಲಿ ಮತ್ತೆ ಕಂಠೀರವ. ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಭಾರತ ಲೆಬನಾನ್ ತಂಡವನ್ನು ಷೂಟೌಟ್‌ನಲ್ಲಿ 4–2ರಿಂದ ಸೋಲಿಸಿತು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಎದುರಾಳಿ. 1–1 ಸಮವಾದ ಪಂದ್ಯ ಪೆನಾಲ್ಟಿಗಳಿಗೆ ಹೋಯಿತು. ಭಾರತದ ಒಂದು ಕಿಕ್ ತಪ್ಪಿತು, ಕುವೈತ್‌ನದೂ ಒಂದು ತಪ್ಪಿತು. ಕೊನೆಗೆ ಕುವೈತ್ ನಾಯಕನ ಕಿಕ್ಕನ್ನು ಗುರ್‌ಪ್ರೀತ್ ಸಿಂಗ್ ಸಂಧು ಹಾರಿ ತಡೆದಾಗ ಭಾರತ 5–4ರಿಂದ ಗೆದ್ದಿತು. ಗುರ್‌ಪ್ರೀತ್‌ಗೆ ಅದು ಹೊಸ ನೆಲವಲ್ಲ. ಬೆಂಗಳೂರು ಎಫ್.ಸಿ.ಯ ಗೋಲ್‌ಕೀಪರ್ ಆಗಿ ಅದೇ ಗೋಲುಕಂಬಗಳ ನಡುವೆ ಆಡುತ್ತಾ ಬಂದವರು ಅವರು. ಇಲ್‌ಫೋರ್ಡ್‌ಗೂ ಕಂಠೀರವಕ್ಕೂ ಇರುವ ವ್ಯತ್ಯಾಸಗಳಲ್ಲಿ ಇದೂ ಒಂದು.

ನಾಲ್ಕು ತಾಲ್ಲೂಕಿಗೆ ಬೇಕಾದದ್ದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳಿಗೆ ಈ ಇತಿಹಾಸದಿಂದ ಏನು ಪ್ರಯೋಜನ? ಪಾವಗಡದಿಂದ ಬೆಂಗಳೂರಿಗೆ ಸುಮಾರು 150 ಕಿಲೋಮೀಟರ್. ವರ್ಷಕ್ಕೊಮ್ಮೆ ನಸುಕಿನಲ್ಲೇ ಎದ್ದು, ಬಸ್ಸಿಳಿದು, ಕಂಡರಿಯದ ಮೈದಾನಕ್ಕೆ ನೇರವಾಗಿ ಇಳಿಯುವ ಹುಡುಗ ಹೆದರದಿದ್ದರೆ ಆಶ್ಚರ್ಯ. ಅವನ ಕೊರತೆ ಗುಂಡಿಗೆಯದಲ್ಲ, ರೂಢಿಯದು.

ರೂಢಿಯನ್ನು ಮಾಡಿಸುವುದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಇಲಾಖೆಯ ಕ್ರೀಡಾಕೂಟಕ್ಕೆ ಕಾಯದೆ ಶಿರಾದ ತಂಡ ಪಾವಗಡಕ್ಕೆ, ಕೊರಟಗೆರೆಯ ತಂಡ ಮಧುಗಿರಿಗೆ ಹೋಗಿ ವರ್ಷವಿಡೀ ಸ್ನೇಹಪಂದ್ಯ ಆಡಬಹುದು. ಪಾವಗಡದ ಗಡಿ ದಾಟಿದರೆ ಆಂಧ್ರದ ಅನಂತಪುರ ಸೀಮೆ. ಅಲ್ಲಿ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್‌ನ ಕ್ರೀಡಾ ಕೇಂದ್ರ 2000ದ ಆಸುಪಾಸಿನಿಂದ ಹಳ್ಳಿ ಮಕ್ಕಳಿಗೆ ಕ್ರೀಡೆ ಕಲಿಸಿದೆ, ಫುಟ್‌ಬಾಲ್ ಕೂಡ ಅದರಲ್ಲಿ ಸೇರಿದೆ. ಅದೇ ಬಿಸಿಲು, ಅದೇ ಕಡಲೆಕಾಯಿ ಹೊಲಗಳ ನಡುವೆ ಬೆಳೆದ ಮಕ್ಕಳು ಚೆನ್ನಾಗಿ ಆಡುವುದನ್ನು ಕಂಡರೆ ಸಿಗುವ ಧೈರ್ಯವನ್ನು ಯಾವ ಭಾಷಣವೂ ಕೊಡದು. ಬಂಡೂರಾ ಹೇಳಿದ ಎರಡನೆಯ ಮೂಲ ಇದೇ.

ಅಭ್ಯಾಸದಲ್ಲೂ ಬದಲಾವಣೆ ಸಾಧ್ಯ. ಪೆನಾಲ್ಟಿಯನ್ನು ಮೈ ಹಗುರವಿದ್ದಾಗ, ಯಾರೂ ನೋಡದಿರುವಾಗ ಒದ್ದು ಕಲಿತರೆ ಪಂದ್ಯದಲ್ಲಿ ಅದು ನೆರವಿಗೆ ಬರುವುದಿಲ್ಲ. ಓಡಿ ದಣಿದ ಮೇಲೆ, ಸುತ್ತ ನಿಂತ ಗೆಳೆಯರು ಕೂಗು ಹಾಕುತ್ತಿರುವಾಗ, ಮಧ್ಯರೇಖೆಯಿಂದ ಒಬ್ಬನೇ ನಡೆದು ಬಂದು ಒದೆಯಬೇಕು. ಬೂಟನ್ನು ಪಂದ್ಯದ ದಿನ ಮೊದಲ ಬಾರಿಗೆ ತೊಡಿಸಬಾರದು. ತಿಂಗಳ ಮೊದಲೇ ಕಾಲಿಗೆ ಒಗ್ಗಿರಬೇಕು. ಸಾಧ್ಯವಾದರೆ ತಂಡ ಹಿಂದಿನ ಸಂಜೆಯೇ ತಲುಪಿ ಮೈದಾನದಲ್ಲಿ ಒಂದು ಸುತ್ತು ಹಾಕಬೇಕು. ‘ಎದೆ ಹೊಡ್ಕೊಳ್ತಿದೆ ಸಾರ್’ ಎನ್ನುವ ಹುಡುಗನಿಗೆ ಮೇಷ್ಟ್ರು ‘ಹೆದರಬೇಡ’ ಎನ್ನುವ ಬದಲು ‘ಅದು ಮೈ ತಯಾರಾಗ್ತಿರೋ ಗುರುತು ಕಣೋ’ ಎಂದರೆ ಅದು ಸುಳ್ಳು ಸಮಾಧಾನವಲ್ಲ, ವಿಜ್ಞಾನ ಒಪ್ಪಿದ ಮಾತು.

ಇಷ್ಟೆಲ್ಲ ಆದರೂ ತಂಡ ಸೋಲಬಹುದು. ಆಗ ಊರಿನವರು ಆಡುವ ಮಾತು ಮುಖ್ಯ. ಮನಸ್ಸಿನ ಚಿಂತೆಗೆ ಮೇವು ಹಾಕುವುದು ಎದುರಾಳಿಯ ಬೂಟಿಗಿಂತ ಹೆಚ್ಚಾಗಿ ನಮ್ಮವರ ನಾಲಿಗೆ. ಪೆನಾಲ್ಟಿ ತಪ್ಪಿಸಿ ಬಂದ ಹುಡುಗನಿಗೆ ಅಡ್ಡಹೆಸರು ಕಟ್ಟಿದರೆ ಮುಂದಿನ ವರ್ಷ ಅವನು ಚೆಂಡಿನ ಹತ್ತಿರವೇ ಸುಳಿಯುವುದಿಲ್ಲ. ಇಲ್‌ಫೋರ್ಡ್‌ನಲ್ಲಿ ತಪ್ಪಿಸಿದ ಮನ್ನಾ ಅವರಿಗೆ ಮೂರು ವರ್ಷದ ಮೇಲೆ ದೇಶ ನಾಯಕತ್ವ ಕೊಟ್ಟಿತು. ಮಧುಗಿರಿಯ ಹುಡುಗನಿಗೆ ಅಷ್ಟು ದೊಡ್ಡದೇನೂ ಬೇಡ. ಮುಂದಿನ ಪೆನಾಲ್ಟಿಯನ್ನೂ ಅವನ ಕೈಯಲ್ಲೇ ಒದೆಸಿದರೆ ಸಾಕು.